ಅತ್ತೆಯ ಹಾಜರಾತಿ

ಹನೂರಿನ ಸುತ್ತಮುತ್ತ ನಮ್ಮ ಅತ್ತೆಯಷ್ಟು ಚಾಚೂ ತಪ್ಪದೆ ಹತ್ತನೇ ತರಗತಿಗೆ ಹೋಗುವ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಒಂದೇ ಒಂದು ಸಣ್ಣ ತೊಡಕು. ಆ ಶಾಲೆಯ ಯಾವ ರಿಜಿಸ್ಟರಿನಲ್ಲೂ ಅವಳ ಹೆಸರಿಲ್ಲ! ಅದಕ್ಕಿಂತ ಸಣ್ಣ ತೊಡಕು ಇನ್ನೊಂದಿದೆ. ಅವಳಿಗೆ ಮೊಮ್ಮಕ್ಕಳಿದ್ದಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮಧುವನಹಳ್ಳಿಯ ನಮ್ಮ ಮನೆಯಿಂದ ಹನೂರಿನ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದವಳು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಒಂದು ಎಮ್ಮೆ, ಮಾತು ಕಮ್ಮಿಯಿರುವ ಗಂಡ, ಇಷ್ಟು ಅವಳ ಸಂಸಾರ. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿ ಪೇಡಾ ಕೊಡಲು ಬಂದ ದಿನ, ಅತ್ತೆ ಪೇಡಾ ಬಾಯಿಗೆ ಹಾಕಿಕೊಂಡು, ಮುಂದಿನ ವರ್ಷ ನಾನೂ ಪರೀಕ್ಷೆ ಕಟ್ಟುತ್ತೇನೆ ಎಂದು ಘೋಷಿಸಿಬಿಟ್ಟಳು. ಮನೆಯವರೆಲ್ಲ ನಕ್ಕರು. ಮಾವ ಮಾತ್ರ ನಗಲಿಲ್ಲ. ಎಮ್ಮೆ ಕರೆಯುವವರು ಯಾರು ಎಂದು ಕೇಳಿದರು, ಅಷ್ಟೆ.

ನಿಯಮ ವಿಚಾರಿಸಲು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಅವಳ ಊರಿನ ಪ್ರೌಢಶಾಲೆಗೆ ಹೋದವನು ನಾನೇ. ಹೆಡ್‌ಮಾಸ್ಟರು ಸಜ್ಜನರು. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಒಂದೊಂದು ವಿಷಯದಲ್ಲೂ ನೂರಕ್ಕೆ ಮೂವತ್ತೈದು ತೆಗೆಯಬೇಕು, ಒಂದು ಸಲ ಫೇಲಾದರೆ ಅದೇ ವರ್ಷ ಇನ್ನೆರಡು ಪರೀಕ್ಷೆಗಳಿವೆ ಎಂದು ಬಿಡಿಸಿ ಹೇಳಿದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, ಹಾಜರಾತಿ ಎಷ್ಟಿರಬೇಕು ಅಂತ ಕೇಳಿದಳು. ಶಾಲೆಯ ಮಕ್ಕಳಿಗೆ ನೂರಕ್ಕೆ ಎಪ್ಪತ್ತೈದು, ನಿಮಗೆ ಬೇಕಾಗಿಲ್ಲ ಎಂದರು ಅವರು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಅತ್ತೆಯ ಮುಖ ಸಪ್ಪಗಾಯಿತು.

"ಬ್ಯಾಡ ಅಂದ್ರೆ ಎಂಗೆ ಸಾ? ನಾಕು ಜ್ವರ ಎದ್ದ ಉಳಾನೇ ಗೂಡು ಕಟ್ಟದು. ಮದ್ಯದ್ದ ಬುಟ್ಬುಟ್ಟು ಕಟ್ಟು ಅಂದ್ರೆ ಕಟ್ಟದಾ?"

ರೇಷ್ಮೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸರ್ಕಾರದ ಸುತ್ತೋಲೆಯಲ್ಲಿ ಇದಕ್ಕೆ ಉತ್ತರವಿದೆಯೇ?

ಮಾರನೇ ದಿನದಿಂದ ಅತ್ತೆ ಹತ್ತನೇ ತರಗತಿಯ ಕಿಟಕಿಯ ಹೊರಗೆ, ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಹಾಜರ್! ಒಳಗೆ ಹಾಜರಿ ಕರೆದು ಮುಗಿಯುತ್ತಿದ್ದಂತೆ ಹೊರಗಿನಿಂದ "ಬಂದಿವ್ನಿ ಸಾ" ಎಂಬ ಧ್ವನಿ. ಹೆಡ್‌ಮಾಸ್ಟರು ಎರಡು ಸಲ ಕೈಮುಗಿದು ಮನೆಗೆ ಕಳಿಸಲು ನೋಡಿದರು. ಅವಳೂ ಎರಡು ಸಲ ಕೈಮುಗಿದು ಅಲ್ಲೇ ಕೂತಳು. ಮಕ್ಕಳು ಒಂದು ವಾರ ನಕ್ಕರು. ಆಮೇಲೆ ಅತ್ತೆ ಬರುವುದು ತಡವಾದರೆ, ಸಾರ್, ಅಜ್ಜಿ ಇನ್ನೂ ಬಂದಿಲ್ಲ ಎಂದು ಮಕ್ಕಳೇ ಹಾಜರಿ ನಿಲ್ಲಿಸತೊಡಗಿದರು.

ರಜೆ ಹಾಕುವುದೂ ಕಾನೂನು ಪ್ರಕಾರವೇ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಮನೆ ಬಿಟ್ಟು ಬರುವಂತಿಲ್ಲವಲ್ಲ? "ಹುಳು ಹಣ್ಣಾಗಿರುವ ಕಾರಣ ಎರಡು ದಿನ ರಜೆ ಕೊಡಬೇಕಾಗಿ ಪ್ರಾರ್ಥನೆ" ಎಂದು ಬರೆದು ತಂದುಕೊಟ್ಟಳು. ಕೆಳಗೆ ಪೋಷಕರ ಸಹಿ, ಮಾವನದು!

ಶಾಲೆಯ ಮಕ್ಕಳಿಗೆ ಇಪ್ಪತ್ತು ಅಂಕ ಶಾಲೆಯಲ್ಲೇ ಸಿಗುತ್ತದೆ, ಅದಕ್ಕೆ ಅವರು ಏನಾದರೂ ಮಾಡಿ ತೋರಿಸಬೇಕು ಎಂದು ತಿಳಿದಾಗ ಅತ್ತೆ ಸುಮ್ಮನಿರುತ್ತಾಳೆಯೇ? ಅವಳಿಗೆ ಆ ಅಂಕ ಇಲ್ಲ, ಪೂರ್ತಿ ನೂರಕ್ಕೇ ಬರೆಯಬೇಕು ಎಂದು ನಾನು ಬಡಕೊಂಡೆ. ಕೇಳಲಿಲ್ಲ. ಹಣ್ಣಾದ ಹುಳು ತುಂಬಿದ ಚಂದ್ರಿಕೆಯನ್ನೇ, ಅಂದರೆ ಗೂಡು ಕಟ್ಟಲು ಹುಳು ಬಿಡುವ ಆ ದೊಡ್ಡ ಬಿದಿರಿನ ತಟ್ಟೆಯನ್ನೇ, ಆಟೋದಲ್ಲಿ ಹೇರಿಕೊಂಡು ಹೋಗಿ ವಿಜ್ಞಾನದ ಪಾಠಕ್ಕೆ ಒಪ್ಪಿಸಿದಳು. ಯಳಂದೂರಿನಿಂದ ಬರುವ ವಿಜ್ಞಾನದ ಮೇಷ್ಟರು ಮೆಚ್ಚಿ ಮಕ್ಕಳಿಗೆಲ್ಲ ತೋರಿಸಿದರು. ಮುಂದಿನ ವಾರ ಮಳೆ ಬಂತೆಂದು ಛತ್ರಿ ಬಿಚ್ಚಿದರೆ ಒಳಗೆ ಮೂರು ಗೂಡು!

ಇಷ್ಟೆಲ್ಲ ಹುಚ್ಚು ಹೊಸದೇನಲ್ಲ. ನಾನು ಕೊಳ್ಳೇಗಾಲದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವಾಗ ಅತ್ತೆ ದಿನಾ ಹನೂರಿನಿಂದ ಬಸ್ಸಿನಲ್ಲಿ ಬಂದು, ಪರೀಕ್ಷೆ ಮುಗಿಯುವವರೆಗೆ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಚಿತ್ರಾನ್ನದ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು. ಆ ಬಿಸಿಲು, ಆ ನಿಂಬೆಹುಳಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಎಲ್ಲರ ಮನೆಯವರೂ ಹೇಗೆ ಬರೆದೆ ಎಂದು ಕೇಳಿದರೆ, ಇವಳದು ಒಂದೇ ಪ್ರಶ್ನೆ: "ಒಳಿಕ್ಕೆ ಬುಟ್ರಾ ಮಗ?"

ಬಿಡದೆ ಮತ್ತೇನು? ಗೆಳೆಯರು ಆ ಬೇಸಿಗೆಯಿಡೀ ನನ್ನನ್ನು ಹಾಗೇ ಕೇಳಿ ರೇಗಿಸಿದರು. ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ.

ಈ ಮಾರ್ಚಿನಲ್ಲಿ ಅತ್ತೆಯ ಪರೀಕ್ಷೆ ಶುರುವಾಯಿತು. ಕೇಂದ್ರ ಕೊಳ್ಳೇಗಾಲ, ನಾನು ಬರೆದ ಶಾಲೆಯೇ. ಹಿಂದಿನ ಸಂಜೆಯೇ ಅವಳು ಮಧುವನಹಳ್ಳಿಗೆ ಬಂದು ಉಳಿದಿದ್ದಳು. ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ, ಅಡುಗೆಮನೆಯಲ್ಲಿ ಅಮ್ಮನ ಮುಂದೆ ಆ ಹಳೇ ಪ್ರಶ್ನೆ ನೆನೆದು ನಕ್ಕೆ. ಅಮ್ಮ ನಗಲಿಲ್ಲ.

"ನೀ ಉಟ್ಟಿದ ವರ್ಸ ಅವ್ಳು ಅತ್ನೇ ಕ್ಲಾಸು ಕಣ್ಲಾ. ನಾನು ಬಾಣ್ತಿ, ಕಾಯ್ಲೆ ಬಿದ್ದು ಆಸ್ಪತ್ರೆ ಸೇರ್ಬುಟ್ಟೆ. ನಿನ್ನ ಮಡ್ಲಲ್ಲಿ ಆಕ್ಕಂಡು ಅವ್ಳು ಮನೇಲೇ ಕುಂತ್ಳು. ಆಜರಿ ಸಾಲ್ದು ಅಂತ ಪರೀಕ್ಸೆಗೆ ಸೇರುಸ್ಲಿಲ್ಲ. ಕೇಳ್ಕಂಡ್ರೆ ಬುಡ್ತಾರೇನೋ ಅಂತ ಪರೀಕ್ಸೆ ದಿನ ಇಸ್ಕೂಲ್‌ತಾವ್ಕೆ ಓದ್ಳು, ಗೇಟಿಂದ್ಲೇ ವಾಪಸ್ ಬಂದ್ಳು. ಬಂದವ್ಳೇ ನಿನ್ನ ಎತ್ಕಂಡ್ಳು."

ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ನಲವತ್ತು ವರ್ಷ ಹತ್ತಿರವಾಗುತ್ತಿರುವ ಈ ದೇಹವನ್ನು ಹೊತ್ತು ಕೂತದ್ದಕ್ಕೆ ಹೋದ ಹಾಜರಾತಿಯನ್ನೇ ಅವಳು ವರ್ಷವಿಡೀ ಕಿಟಕಿಯ ಹೊರಗೆ ಕೂತು ಕೂಡಿಸುತ್ತಿದ್ದದ್ದು! ಒಂದು ದಿನವೂ ನನ್ನ ಮುಂದೆ ಆ ಮಾತು ಎತ್ತಿರಲಿಲ್ಲ.

ಕಚೇರಿಗೆ ಫೋನ್ ಮಾಡಿ, ಪರೀಕ್ಷೆ ಮುಗಿಯುವವರೆಗೆ ಬರುವುದಿಲ್ಲ ಎಂದೆ. ಅಮ್ಮ ಮಾಡಿದ ಚಿತ್ರಾನ್ನವನ್ನು ಡಬ್ಬಿಗೆ ತುಂಬಿಸಿಕೊಂಡೆ. ಗೇಟಿನಲ್ಲಿ ಅತ್ತೆ ಹಾಲ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಕಾವಲಿನವನು ನೋಡಿಯೂ ನೋಡದಂತೆ ಹೋಗಮ್ಮ ಎಂದ. ನಾನು ಹೊಂಗೆ ಮರದ ಕೆಳಗೆ ನಿಂತೆ. ಮರ ಅದೇ, ಬಿಸಿಲೂ ಅದೇ.

ಗಂಟೆ ಹೊಡೆದ ಮೇಲೆ ಮಕ್ಕಳ ಗುಂಪಿನ ಹಿಂದೆ, ಬೆರಳಿಗೆಲ್ಲ ಮಸಿ ಮಾಡಿಕೊಂಡು ಅತ್ತೆ ಬಂದಳು. ಹೇಗೆ ಬರೆದೆ ಎಂದು ನಾನು ಕೇಳಲಿಲ್ಲ.

"ಒಳಿಕ್ಕೆ ಬುಟ್ರಾ ಅತ್ತೆ?"

ಅವಳು, ಅಂದು ನನ್ನನ್ನು ಎತ್ತಿಕೊಂಡ ಆ ಕೈಯಿಂದಲೇ ನನ್ನ ಕೆನ್ನೆ ಸವರಿದಳು.

"ಬುಟ್ರು ಕಣ್ಲಾ ಮಗ," ಅಂದಳು. "ಬುಟ್ರು."