ವೀಬೆಯ ಹರಳು, ಹನ್ನೊಂದು ಊರು

ಈ ಕತೆಯನ್ನು ಮೊದಲು ಹೇಳಿದವನು ಹಾಲೆಂಡಿನ ಲೈಡನ್ ಊರಿನ ಕೊರ್ನೆಲಿಸ್. ಹೇಳಿದ್ದು ೧೯೩೩ರ ಡಿಸೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಹೂಡಿದ್ದ ಬಟಾಣಿ ಸಾರಿನ ಅಂಗಡಿಯಲ್ಲಿ. ಪ್ರಯೋಗಶಾಲೆಯೊಂದರ ದೊಡ್ಡ ಅಯಸ್ಕಾಂತವನ್ನು ನಡೆಸುವವನು ತಾನೇ ಆದ್ದರಿಂದ, ಕಂಡದ್ದಕ್ಕೆ ಒಗ್ಗರಣೆ ಹಾಕುವ ಹಕ್ಕು ತನಗಿದೆಯೆಂದು ಅವನು ನಂಬಿದ್ದನು.

ರಗಳೆಗೆಲ್ಲ ಮೂಲ ಮಂಜುಗಡ್ಡೆಯ ಮೇಲೆ ಜಾರಲು ಕಾಲಿಗೆ ಕಟ್ಟುವ, ಉಕ್ಕಿನ ಅಲಗಿನ ಒಂದು ಜೊತೆ ಸ್ಕೇಟು. ಅವು ವೀಬೆಯವು. ವೀಬೆ ಅದೇ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಕುಲುಮೆಯ ಮುಂದೆ ಕುಳಿತು, ಬಿಸ್ಮತ್ ಎಂಬ ಅರೆಲೋಹದ ಹರಳು ಬೆಳೆಸುವವನು. ಹುಟ್ಟೂರು ಉತ್ತರದ ಫ್ರೀಸ್‌ಲ್ಯಾಂಡಿನಲ್ಲಿ. ಎರಡು ವಾರದ ಹಿಂದೆ, ನಾಲ್ಕು ವರ್ಷಗಳ ಬಳಿಕ ಅಲ್ಲಿ ಮಂಜುಗಡ್ಡೆ ಗಟ್ಟಿಯಾಗಿ, ಮರುದಿನವೇ ಹನ್ನೊಂದು ಊರುಗಳನ್ನು ಸ್ಕೇಟಿನ ಮೇಲೆ ಸುತ್ತುವ ಓಟವೆಂದು ಸಾರಿದ್ದರು. ನಾಲ್ಕು ಗಂಟೆಯ ರೈಲು ತಪ್ಪಿದರೆ ಓಟವೂ ತಪ್ಪಿದಂತೆ.

"ಹರಳು ಕೆಟ್ಟಿದ್ರೆ ಇನ್ನೊಂದು ಬೆಳೆಸ್ಬೇಕು ನೋಡಯ್ಯ," ಎಂದಿದ್ದರು ಪ್ರಯೋಗಶಾಲೆಯ ಯಜಮಾನರಾದ ಪ್ರೊಫೆಸರ್ ಫಾನ್ ಲೀರ್. ಇನ್ನೊಂದೆಂದರೆ ಕುಲುಮೆಯ ಮುಂದೆ ಮತ್ತೆ ಒಂಬತ್ತು ದಿನ. ಹರಳು ಚೆನ್ನಾಗಿದ್ದರೆ ಏನೆಂದು ಅವರು ಹೇಳಲಿಲ್ಲ. ವೀಬೆ ಕೇಳಲೂ ಇಲ್ಲ.

ಅಂದು ಬೆಳಗ್ಗೆ ಹತ್ತಕ್ಕೆ, ದ್ರವ ಜಲಜನಕದ ಕೊರೆಯುವ ತಂಪಿನಲ್ಲಿ ಹರಳನ್ನು ಮುಳುಗಿಸಿ ಅಯಸ್ಕಾಂತದ ದವಡೆಗಳ ನಡುವೆ ಇಟ್ಟರು. ಅಯಸ್ಕಾಂತ ಎಚ್ಚೆತ್ತಾಗ ಹರಳಿನ ವಿದ್ಯುತ್ ರೋಧ ಎಷ್ಟು ಏರುವುದೋ ಅಳೆಯಬೇಕು. ಕೊರ್ನೆಲಿಸ್ ಗುಂಡಿ ಒತ್ತಿದ. ನೆಟ್ಟಗೆ ನಿಲ್ದಾಣಕ್ಕೆ ಹೋಗಲೆಂದು ಕೋಟಿನೊಳಗೆ ಸ್ಕೇಟು ಕಟ್ಟಿಕೊಂಡಿದ್ದ ವೀಬೆ, ಹರಳನ್ನು ನೋಡಲು ಬಾಗಿದವನು ಬಾಗಿದಂತೆಯೇ ಹಾರಿ, ಗೋಡೆಗೆ ಹಲ್ಲಿ ಅಂಟಿದ ಹಾಗೆ ಅಯಸ್ಕಾಂತಕ್ಕೆ ಅಂಟಿಕೊಂಡ.

"ಮುಳ್ಳು ಅಳತೆ ದಾಟಿ ಹೋಯ್ತು ಸಾರ್!" ಎಂದು ಮಾಪಕ ನೋಡುವ ಖೇರ್ಟ್ಯೆ ಕೂಗಿದಳು.

"ಮುಳ್ಳು ಹಾಗಿರ್ಲಿ, ವೀಬೆ ಅಳತೆ ದಾಟಿದಾನೆ! ಎಲ್ಲಾ ಆ ಸ್ಕೇಟಿನ ಕಿತಾಪತಿ," ಎಂದರು ಪ್ರೊಫೆಸರು.

ಅಯಸ್ಕಾಂತವನ್ನು ಮಲಗಿಸಿ, ವೀಬೆಯನ್ನು ಬಿಡಿಸಿ, ಸ್ಕೇಟುಗಳನ್ನು ಓಣಿಯಾಚೆ ಇರಿಸಿದರು. ಮುಳ್ಳು ಮತ್ತೆ ಅಳತೆ ದಾಟಿತು.

"ತಂತಿ ಬಿಟ್ಟಿದೆ, ನಾನಾಗ್ಲೇ ಅಂದಿದ್ದೆ," ಎಂದ ಕೊರ್ನೆಲಿಸ್; ಅವನು ಏನನ್ನೂ ಅಂದಿರಲಿಲ್ಲ. ಬೆಸುಗೆ ಬಿಚ್ಚಿ ಹಾಕುವುದರಲ್ಲಿ ಮಧ್ಯಾಹ್ನ ಎರಡು ಗಂಟೆಯಾಯಿತು. ಅಯಸ್ಕಾಂತ ಮಲಗಿದ್ದರೆ ಮುಳ್ಳು ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಕೂರುವುದು. ಎಬ್ಬಿಸಿದೊಡನೆ ಓಟ ಕೀಳುವುದು.

"ಹರಳಲ್ಲೇ ಬಿರುಕು," ಪ್ರೊಫೆಸರು ನಿಟ್ಟುಸಿರಿಟ್ಟರು. "ಇನ್ನೊಂದು..."

"ತಡೀರಿ ಸಾರ್!" ವೀಬೆ ಮೇಜು ಗುದ್ದಿದ. ಅವನ ದನಿ ಅಷ್ಟು ಏರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. "ಕಲ್ಲು, ಕಸ ಇರೋ ಮಂಜುಗಡ್ಡೆ ಮೇಲೆ ಹೇಗೂ ಎಡವ್ತಾನೇ ಹೋಗ್ತೀವಿ, ಅಡ್ಡಗಾಳಿ ಬೀಸಿದ್ರೂ ಅಂಥ ವ್ಯತ್ಯಾಸ ಗೊತ್ತಾಗಲ್ಲ. ಕನ್ನಡಿಯಂಥ ಮಂಜಲ್ಲಿ ಅದೇ ಗಾಳಿ ಹೊಡೆದ್ರೆ? ನಿಂತಲ್ಲೇ ಗಿರಗಿರ ತಿರುಗ್ತೀವಿ, ಆಚೆ ದಡ ಸೇರೋದೇ ಇಲ್ಲ! ನನ್ನ ಹರಳಲ್ಲಿ ಕಸ ಇಲ್ಲ ಸಾರ್. ವಿದ್ಯುತ್ತಿನ ಕಣಗಳು ಅಯಸ್ಕಾಂತದ ಗಾಳಿಗೆ ಸಿಕ್ಕಿ ಹಾಗೇ ಸುತ್ತುತಾ ಇವೆ. ದೊಡ್ಡ ಮಾಪಕ ಹಾಕಿ!"

ಹಾಕಿದರು. ಖೇರ್ಟ್ಯೆ ಒಮ್ಮೆ ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. "ರೋಧ ಹತ್ತು ಸಾವಿರ ಪಟ್ಟು, ಸಾರ್."

ಮರುಕ್ಷಣ ಛಾವಣಿ ಹಾರುವಂತೆ ಗದ್ದಲ. ಕೊರ್ನೆಲಿಸ್ ವೀಬೆಯನ್ನು ಹೆಗಲ ಮೇಲೆ ಹೊತ್ತು ಕುಣಿದ. ಮೇಲಿನ ಮಹಡಿಯ ಪಂಡಿತರೆಲ್ಲ ಇಳಿದು ಬಂದು ಅವನ ಕೈ ಕುಲುಕಿದರು. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ವೀಬೆ ಗೆದ್ದಿದ್ದ, ಮನಸ್ಸಿನಲ್ಲಿ ಆಗಲೇ ಮೂರು ಊರು ದಾಟಿದ್ದ.

ಪ್ರೊಫೆಸರು ಅವನನ್ನು ಅಪ್ಪಿಕೊಂಡರು. "ಇಷ್ಟು ಶುದ್ಧವಾದ ಹರಳನ್ನ ನಾನು ಕಂಡೇ ಇಲ್ಲ ಕಣಯ್ಯ! ಆದ್ರೆ ಒಂದನ್ನ ತೋರಿಸಿದ್ರೆ ಜನ ನಂಬ್ತಾರಾ? ಥೇಟ್ ಇಂಥದೇ ಇನ್ನೊಂದು ಬೆಳೆಸ್ಬೇಕು. ಹೋಗು, ಕುಲುಮೆ ಹೊತ್ತಿಸು!"

ಕೊರ್ನೆಲಿಸ್ ಇಲ್ಲಿಗೆ ಮಾತು ನಿಲ್ಲಿಸಿ ಸಾರು ಹೀರಿದ.

"ಆ ಎರಡನೇದು ಹೇಗೆ ಬಂತಪ್ಪ?" ಎಂದು ಅಂಗಡಿಯ ಅಜ್ಜಿ ಕೇಳಿದಳು.

"ಮೊದಲನೇದಕ್ಕಿಂತ ಚೆನ್ನಾಗಿ ಬಂತು ಅಜ್ಜಿ. ಆದ್ರೆ ಎರಡೂ ತಾಳೆ ಬೀಳ್ಬೇಕಲ್ಲ? ಈಗ ಮೂರನೇದು ಬೆಳೆಸ್ತಾ ಕೂತಿದಾನೆ."

ನಗು ಅಡಗುವ ಹೊತ್ತಿಗೆ ಕೊರ್ನೆಲಿಸ್ ಕಾಲು ಮಡಚಿ ಸ್ಕೇಟಿನ ಪಟ್ಟಿ ಬಿಗಿಯತೊಡಗಿದ. ಅಜ್ಜಿ ಬಗ್ಗಿ ನೋಡಿದಳು. ಪಟ್ಟಿಯ ಚರ್ಮದ ಮೇಲೆ 'ವೀಬೆ' ಎಂದು ಸುಟ್ಟು ಬರೆದಿತ್ತು.

"ಸುಮ್ನೆ ತುಕ್ಕು ಹಿಡೀತಿದ್ವು ಅಜ್ಜಿ," ಎಂದನು ಅವನು, ಮುಖ ಎತ್ತದೆ.

ಸಾರಿನ ಹಂಡೆ ಬರಿದಾಗಿತ್ತು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಮಂಜಿನ ಮೇಲೆ ಜಾರುತ್ತ ತಂತಮ್ಮ ಮನೆಗಳಿಗೆ ಹೋದರು. ಎಲ್ಲರಿಗಿಂತ ಮುಂದೆ ಕೊರ್ನೆಲಿಸ್.