ನನ್ನ ವಾಕರಿಕೆ, ಮೂರು ತಾಲ್ಲೂಕಿನ ಗುಟ್ಟು

ನಗು ಬರುವಂಥ ಸಂಗತಿಗಳಿಗೆ ನನ್ನ ಬದುಕಿನಲ್ಲಿ ಎಂದೂ ಬರವಿಲ್ಲ. ಆದರೆ ಅವು ನಡೆಯುವುದು ಮಾತ್ರ ನಾನು ನಗುವ ಸ್ಥಿತಿಯಲ್ಲಿ ಇಲ್ಲದಾಗ. ಪಶುವೈದ್ಯೆಯಾಗಿ ಬೀದರಿನಿಂದ ಕೊಡಗಿನ ತನಕ ವರ್ಗವಾಗಿ ತಿರುಗಿದವಳು ನಾನು. ರಜೆ ಸಿಕ್ಕರೆ ಕಾಶಿ, ಕಾಶ್ಮೀರ. ಯಾವ ಘಾಟಿಯಲ್ಲೂ ಹೊಟ್ಟೆ ತೊಳೆಸಿದ್ದಿಲ್ಲ. ಚಿತ್ರದುರ್ಗದಲ್ಲಿದ್ದಾಗ ಮೊದಲ ಬಸಿರು ನಿಂತಿತು ನೋಡಿ, ಬಯಲುಸೀಮೆಯ ನೆಟ್ಟಗಿನ ರಸ್ತೆಯೇ ನನ್ನನ್ನು ಮಣಿಸಿಬಿಟ್ಟಿತು.

ಮನೆಯಲ್ಲಿ ಅತ್ತೆಯದು ಒಂದೇ ಕಾನೂನು. "ಬಸುರಿ ಆದ ದಿನಾನೇ ಊರೂರು ತಿರುಗೋದು ಬಂದ್. ಸುಮ್ನೆ ಮನೇಲಿ ಕುಂತ್ಕಬೇಕು." ನಾಲ್ಕು ದಿನ ಕೂತರೆ ಹುಚ್ಚು ಹಿಡಿಯುವ ಹೆಂಗಸು ನಾನು. ಗಂಡನಿಗಷ್ಟೇ ಹೇಳಿದೆ. ಆದಷ್ಟು ದಿನ ಮುಚ್ಚಿಡುವುದೆಂದು ಇಬ್ಬರೂ ತೀರ್ಮಾನಿಸಿದೆವು.

೧. ತಳಿ

ಹೊಸದುರ್ಗದ ಆಚೆ ಮಾಡದಕೆರೆಯಲ್ಲಿ ಕುರಿಗಳಿಗೆ ಸೂಜಿ ಹಾಕುತ್ತಿದ್ದೆ. ಮುದುಕ ಕುರಿಗಾಹಿಯೊಬ್ಬ ಒಂದೊಂದೇ ಕುರಿಯನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಹಿಡಿಯುತ್ತಿದ್ದ. ಹತ್ತನೇ ಕುರಿಗೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸೂಜಿ ಅವನ ಕೈಗೆ ಕೊಟ್ಟು ಕಳ್ಳಿಬೇಲಿಯ ಹಿಂದೆ ಓಡಿದೆ.

ಬಾಯಿ ಒರೆಸಿಕೊಂಡು ಬಂದರೆ ಅವನು ನನ್ನ ನಡಿಗೆಯನ್ನೇ ನೋಡುತ್ತಿದ್ದ.

"ಎಷ್ಟ್ ತಿಂಗ್ಳು ಡಾಕ್ಟ್ರಮ್ಮ?"

"ಏನಿಲ್ಲಪ್ಪ, ಬೆಳಿಗ್ಗೆ ತಿಂದ ಮಂಡಕ್ಕಿ ಸರಿ ಇರಲಿಲ್ಲ."

"ಹುಟ್ಟಿದಾಗಿಂದ ಕುರಿ ಕಾಯ್ತಿದೀನಿ. ಗಬ್ಬ ಆಗಿದ್ದು ನಡಿಗೇಲೇ ಗೊತ್ತಾಗ್ತೈತೆ ಬಿಡ್ರಿ."

ಯಾರಿಗೂ ಹೇಳಬೇಡ ಎಂದು ಬೇಡಿಕೊಂಡೆ. ಅವನು ತಲೆಯಾಡಿಸಿದ. ಆದರೆ ಅವನ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಕೊನೆಯ ಕುರಿ ಬಿಟ್ಟ ಮೇಲೆ ಬಹಳ ಮೆತ್ತಗೆ ಹೇಳಿದ:

"ಇಷ್ಟ್ ಕುರಿ ಅವೆ, ಗಬ್ಬದಾಗೆ ಒಂದೂ ಕಕ್ಕಿದ್ದಿಲ್ಲ ನೋಡ್ರಿ. ಬ್ಯಾಸರ ಮಾಡ್ಕಬ್ಯಾಡ್ರಿ, ನಿಮ್ ತಳಿನೇ ವಸಿ ಸೂಕ್ಷ್ಮ ಅನ್ಸುತ್ತೆ."

೨. ಕಿಟಕಿ

ವಾರಕ್ಕೆರಡು ದಿನ ಹಿರಿಯೂರಿನ ಮೇಲೆ ಜವನಗೊಂಡನಹಳ್ಳಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ನಾನು ಮುಂದಿನ ಕಿಟಕಿಯಲ್ಲಿ ಕೂತರೆ ನನ್ನ ಕಷ್ಟವೆಲ್ಲ ಗಾಳಿಯ ಜೊತೆ ಹಿಂದಿನ ಕಿಟಕಿಯವರ ಪಾಲಾಗುತ್ತಿತ್ತು. ಎರಡು ಸಲ ಆದ ಮೇಲೆ ಕಂಡಕ್ಟರು ಒಂದು ಪದ್ಧತಿ ಮಾಡಿಕೊಂಡ. ನಾನು ಹತ್ತಿದ ಕೂಡಲೇ ಸೀಟಿ ಊದಿ ಹೇಳುವನು:

"ಎಡಗಡೆಯೋರು ತಲೆ ಒಳಗೆ ಹಾಕ್ಕಳ್ರಿ, ಗಾಜು ಎಳೀರಿ. ಡಾಕ್ಟ್ರಮ್ಮ ಬಂದ್ರು."

ಪಟಪಟ ಗಾಜು ಮುಚ್ಚುವ ಸದ್ದು. ಹೀಗೆ ಕಂಡಕ್ಟರಿಂದ ಕಂಡಕ್ಟರಿಗೆ ಸುದ್ದಿ ದಾಟಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಮೂರೂ ತಾಲ್ಲೂಕಿನ ಜನಕ್ಕೆ ನನ್ನ ಗುಟ್ಟು ಗೊತ್ತಾಯಿತು. ಗೊತ್ತಿಲ್ಲದವರು ದುರ್ಗದ ಒಂದು ಮನೆಯ ಅಡುಗೆಮನೆಯಲ್ಲಿ ಒಬ್ಬರೇ ಇದ್ದರು.

೩. ಕಷಾಯ

ಆ ಅಡುಗೆಮನೆಯಿಂದ ಬೆಳಿಗ್ಗೆ ಬೆಳ್ಳುಳ್ಳಿ ಒಗ್ಗರಣೆ ಚುರ್ ಎಂದರೆ ನಾನು ಬಚ್ಚಲಿಗೆ. ಸದ್ದು ಅತ್ತೆಗೆ ಕೇಳಬಾರದಲ್ಲ? ಮೇಷ್ಟ್ರಾಗಿದ್ದ ನನ್ನ ಗಂಡ ಬಚ್ಚಲ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೆಮ್ಮುತ್ತಿದ್ದರು. ನಾನು ಒಮ್ಮೆ ವಾಕರಿಸಿದರೆ ಅವರು ಮೂರು ಸಲ ಕೆಮ್ಮುವರು.

"ಏನೋ ಇದು ಹಾಳು ಕೆಮ್ಮು," ಎಂದು ಅತ್ತೆ ಮೆಣಸು, ಶುಂಠಿ, ಆಡುಸೋಗೆ ಹಾಕಿ ಕಷಾಯ ಕಾಯಿಸಿದರು. ಕೆಮ್ಮು ನಿಲ್ಲಲಿಲ್ಲ. ಆಡುಸೋಗೆ ಇನ್ನೂ ಒಂದು ಹಿಡಿ ಬಿತ್ತು.

ಬಸುರಿ ನಾನು. ಎರಡು ತಿಂಗಳು ಕಹಿ ಕುಡಿದವರು ನನ್ನ ಗಂಡ.

೪. ಹುಣಸೆಕಾಯಿ

ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದು. ಅತ್ತೆ ತೆಗೆದರು. ಮಾಡದಕೆರೆಯ ಅದೇ ಮುದುಕ! ದುರ್ಗಕ್ಕೆ ಕಂಬಳಿ ಮಾರಲು ಬಂದವನು ಟವಲಿನಲ್ಲಿ ಎಳೆ ಹುಣಸೆಕಾಯಿ ಗಂಟು ಕಟ್ಟಿ ತಂದಿದ್ದ.

"ಡಾಕ್ಟ್ರಮ್ಮಂಗೆ ಕೊಡ್ರಿ. ಮೂರು ತುಂಬಿರ್ಬೇಕು, ಈಗ ಹುಳಿ ಕೇಳ್ತೈತೆ. ನಾಳೆ ಎಲ್ಡ್ನೇ ಸೂಜಿಗೆ ಬರ್ತಾರಲ್ಲ, ಕುರಿ ಕೂಡಾಕಿರ್ತೀನಿ."

ಅವನು ಹೋದ. ಅತ್ತೆ ಮೊದಲು ಹುಣಸೆಕಾಯಿ ನೋಡಿದರು, ಆಮೇಲೆ ನನ್ನನ್ನು, ಕೊನೆಗೆ ಮಗನನ್ನು. ಮಗ ಅಭ್ಯಾಸಬಲದಿಂದ ಕೆಮ್ಮಿದರು.

"ಸಾಕು ನಿಲ್ಸಲೇ," ಎಂದರು ಅತ್ತೆ. ಆಮೇಲೆ ನನಗೆ: "ನಾಳೆ ನಾನೂ ಬರ್ತೀನಿ. ಅದೆಂಥ ಕೆಲ್ಸ, ಕಣ್ಣಾರೆ ನೋಡ್ತೀನಿ. ನೋಡಿ ಬಂದು ನಾಳಿದ್ದೇ ರಜ ಬರೆಸ್ತೀನಿ."

ನನ್ನ ತಿರುಗಾಟ ಮುಗಿಯಿತು ಎಂದುಕೊಂಡೆ.

ಅತ್ತೆ ಬಸ್ಸು ಹತ್ತಿ ವರ್ಷಗಳೇ ಆಗಿದ್ದವು. ಕಿಟಕಿ ಪಕ್ಕ ನೆಟ್ಟಗೆ ಕೂತರು. ನನಗೋ ಅಂದು ಹೊಟ್ಟೆ ಕಲ್ಲಿನಂತೆ ಗಟ್ಟಿ. ಹುಣಸೆಕಾಯಿ ಉಪ್ಪಿಗೆ ಅದ್ದಿಕೊಂಡು ತಿನ್ನುತ್ತ ಕೂತೆ. ಹೊಳಲ್ಕೆರೆ ಹತ್ತಿರವಾಗುವಾಗ ಅತ್ತೆಯ ಮಾತು ನಿಂತಿತು. ಹೊಳಲ್ಕೆರೆ ದಾಟಿದ ಮೇಲೆ ತಲೆ ಕಿಟಕಿಯಿಂದ ಆಚೆ ಹೋಯಿತು. ಹೊಸದುರ್ಗದ ತನಕ ಆ ತಲೆ ಒಳಗೆ ಬರಲಿಲ್ಲ.

ಮಾಡದಕೆರೆಯಲ್ಲಿ ಇಳಿದವರೇ ಬೇವಿನ ಮರ ಹಿಡಿದುಕೊಂಡು ಮತ್ತೆ ಶುರು. ನಾನು ಬೆನ್ನು ಸವರುತ್ತಿದ್ದೆ. ಮುದುಕ ಕುರಿ ಬಿಟ್ಟು ಬಂದ. ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಸೊಂಟದಿಂದ ಉಳಿದ ಹುಣಸೆಕಾಯಿ ತೆಗೆದು ಅತ್ತೆಯ ಮುಂದೆ ಹಿಡಿದು, ಮರ್ಯಾದೆಯಿಂದ ದನಿ ತಗ್ಗಿಸಿ ಕೇಳಿದ:

"ತಗಳ್ರಿ ಅಮ್ಮ. ನಿಮಗೆ ಎಷ್ಟ್ ತಿಂಗ್ಳು?"

ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ ಸೆರಗಿನಿಂದ ಮುಖ ತೆಗೆಯಲಿಲ್ಲ. ರಜದ ಮಾತೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಚೀಲಕ್ಕೆ ಬುತ್ತಿ ಇಟ್ಟು, ಬಾಗಿಲ ತನಕ ಬಂದು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು:

"ಹುಷಾರಾಗಿ ಹೋಗಿ ಬಾ. ಹಂಗೇ ಆ ಕುರಿ ಕಾಯೋನು ಸಿಕ್ರೆ ಹೇಳು, ನಂದು ಬರೀ ಬಸ್ಸಿಂದು ಅಂತ."