ಶಿರೂರಿನ ಹೋಳಿಗೆಯೂ ಕುರಿಯ ಗರ್ಭಕೋಶವೂ

ನಮ್ಮ ಕಡೆ ಡಬ್ಬಿಗಳಿಗೆ ಖಾಲಿ ಹೊಟ್ಟೆಯಲ್ಲಿ ಮನೆಗೆ ಮರಳುವ ಹಕ್ಕಿಲ್ಲ. ಯಾರ ಮನೆಗೆ ಡಬ್ಬಿ ಹಿಡಿದು ಹೋದರೂ ಬರುವಾಗ ಅದರಲ್ಲಿ ಶೇಂಗಾ ಚಟ್ನಿಯೋ ನಾಲ್ಕು ರೊಟ್ಟಿಯೋ ಕೂತಿರಲೇಬೇಕು. ಈ ಸುಂದರ ಪದ್ಧತಿಯಿಂದ ನನ್ನ ಸಂಸಾರ ಮುರಿದು ಬೀಳುವುದರಲ್ಲಿತ್ತು, ಕೇಳಿ.

ನಾನು ಬಾಗಲಕೋಟೆಯಲ್ಲಿ ಗಣಿತದ ಮಾಸ್ತರ. ಹಣೆ ತುಂಬ ವಿಭೂತಿ. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಹೆಂಡತಿ ಶೈಲಾ ಸಂಶೋಧಕಿ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಗರ್ಭಕೋಶದೊಳಗಿನ ಗ್ರಾಹಕಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳುವ ಕಣಗಳಿಗೆ, ಹೇಗೆ ಅಂಟಿಕೊಳ್ಳುತ್ತದೆ ಎಂಬುದೇ ಅವಳ ಹುಚ್ಚು. ಪ್ರಯೋಗ ಈಗಾಗಲೇ ಕೆಟ್ಟು, ಎಲ್ಲಿ ಅಂಟಿತೆಂದು ಪತ್ತೆ ಮಾಡಲು ಗುರುತು ಹಚ್ಚಿದ ಹಾರ್ಮೋನು ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಅದಕ್ಕೆ ಬೇಕಾದ ಕುರಿಯ ಗರ್ಭಕೋಶವನ್ನು ಹುನಗುಂದದ ಕಸಾಯಿಖಾನೆಯಿಂದ ತರುವ ಭಾಗ್ಯ ನನ್ನದು. “ಬರ್ಫ ಕರಗಿದ್ರ ಗ್ರಾಹಕ ಸತ್ತಂಗ. ಎಲ್ಲೂ ನಿಲ್ಲಬ್ಯಾಡ್ರಿ!” ಎಂದು ಅವಳು ಕೈಮುಗಿದು ಹೇಳಿದ್ದಳು.

ನಿಂತೆ! ಶಿರೂರಿನ ಸೋದರತ್ತೆ ಗಂಗಕ್ಕ ಫೋನ್ ಮಾಡಿ “ಹೋಳಿಗಿ ಮಾಡೇನಿ, ಬಾ” ಎಂದರೆ ಬೈಕು ತಾನಾಗಿಯೇ ತಿರುಗುತ್ತದೆ, ನನ್ನದೇನು ತಪ್ಪು? ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ಬರ್ಫದ ಡಬ್ಬಿಯ ಮುಚ್ಚಳ ತೆಗೆದು, ತುಂಬಲು ತಂದ ಬಿಸಿ ಹೋಳಿಗೆ ಕೈಯಲ್ಲೇ ಹಿಡಿದು ಕಲ್ಲಾಗಿ ನಿಂತಿದ್ದಳು. ಅವಳ ಅಡುಗೆಮನೆ, ಅವಳ ಕೊರಳಲ್ಲಿ ಲಿಂಗ, ಎದುರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ. ಶಿವ ಶಿವಾ!

“ಏನಲೇ ಇದು?”

“ಗರ್ಭಕೋಶ ಅತ್ತಿ. ಶೈಲಾಂದು... ಅಂದ್ರ, ಶೈಲಾಂದಲ್ಲ, ಕುರೀದು!”

ಬೆವರೊರೆಸಿಕೊಂಡು ಅತ್ತೆ ಉಟ್ಟಿದ್ದ ಇಳಕಲ್ ಸೀರೆಯನ್ನೇ ತೋರಿಸಿದೆ. “ನೇಯೂವಾಗ ಸೀರಿ ಮೈಗೆ ಸೆರಗನ್ನ ಕೊಂಡಿ ಹಾಕಿ ಕೂಡಸ್ತಾರಲ್ಲ? ಹಂಗ ಹಾರ್ಮೋನು ಈ ಕೋಶಕ್ಕ ಕೊಂಡಿ ಹಾಕ್ತೈತಿ. ಅದು ಹೆಂಗ ಬೀಳ್ತೈತಿ ಅಂತ ತಿಳಿದ್ರ ಹೆಣ್ಮಕ್ಕಳ ರೋಗಕ್ಕ ಛಲೋ ಔಷಧ ಮಾಡಬಹುದು.”

ಇನ್ನು ಬೈಗುಳ ಬೀಳುತ್ತದೆಂದು ತಲೆ ಬಗ್ಗಿಸಿದೆ. ಅತ್ತೆ ಬೈಯಲಿಲ್ಲ. “ನನಗ ರಕ್ತ ನಿಲ್ಲಲಿಲ್ಲಂತ ದವಾಖಾನ್ಯಾಗ ಕೋಶಾನ ತೆಗದ್ರು. ಒಳಗ ಏನಾಗಿತ್ತು ಅಂತ ಯಾರೂ ಹೇಳಲಿಲ್ಲ ನೋಡು,” ಎಂದಳು. ಮರುಕ್ಷಣವೇ ಸೆರಗು ಸಿಕ್ಕಿಸಿ, ಫ್ರಿಜ್ಜಿನಲ್ಲಿದ್ದ ಬರ್ಫವನ್ನೆಲ್ಲ ಡಬ್ಬಿಗೆ ಸುರುವಿ ಗುಡುಗಿದಳು: “ಏ ಮೂಳಾ, ಇನ್ನೂ ಹೋಳಿಗಿ ನೋಡಕೋತ ನಿಂತಿಯಲ್ಲ! ಓಡು!” ಒಂದು ತುಣುಕೂ ಬಾಯಿಗಿಡದೆ ಓಡಿದೆ.

ಮರುದಿನ ಪಾಠದ ನಡುವೆ ಶೈಲಾಳ ಫೋನು. “ಅಂಟೇತ್ರೀ! ಖರೇನ ಅಂಟೇತಿ!” ನಾನು “ಹೌದಾ!” ಎಂದು ಕಿರುಚಿದ ರಭಸಕ್ಕೆ ಮಕ್ಕಳು ತ್ರಿಕೋನಮಿತಿ ಬಿಟ್ಟು ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರೇ ಬಂತು, ಸುಳ್ಳೇಕೆ ಹೇಳಲಿ? ಕೂಡಲೇ ಶಿರೂರಿಗೆ ಫೋನು ಹಚ್ಚಿದೆ. “ಅತ್ತಿ, ಕೊಂಡಿ ಬಿತ್ತು!” “ಬಿತ್ತಾ? ಭಾಳ ಛಲೋ ಆತು!” ಎಂದು ಆಕೆ ಕೂಗಿದ್ದು ಇಡೀ ಓಣಿಗೆ ಕೇಳಿಸಿರಬೇಕು.

ಈಗ ಹೊಸ ಹಾರ್ಮೋನು ಬಂದು ಪ್ರಯೋಗ ಮುಂದುವರಿದಿದೆ. ಹುನಗುಂದದಿಂದ ಬರುವಾಗ ಅತ್ತೆಯೇ ಬೈಕಿನ ಹಿಂದೆ, ಡಬ್ಬಿ ಅವಳ ತೊಡೆಯ ಮೇಲೆ. ಹೆಗಲ ಚೀಲದಲ್ಲಿ ಶೈಲಾಳಿಗೆಂದು ಹೋಳಿಗೆ ಘಮಘಮಿಸುತ್ತಿರುತ್ತವೆ. ಒಂದು ನಿಮಿಷ ನಿಲ್ಲಿಸಿ ಒಂದೇ ಒಂದು ತಿನ್ನಲೇ ಎಂದು ಕೇಳಿದರೆ ಬೆನ್ನಿಗೆ ತಿವಿಯುತ್ತಾಳೆ: “ಸುಮ್ನ ಹೊಡಿ ಗಾಡಿ! ನಿನ್ನ ನಂಬಿ ಒಂದು ಕುರಿ ಗರ್ಭಕೋಶಾನೂ ಕಳಸೂವಂಗಿಲ್ಲ!”